ಸೂಪು ಕಲಗಚ್ಚಾಗುವುದು ಎಲ್ಲಿ?

ಪ್ರಶ್ನೆ: ಮನೆಯಲ್ಲಿ ನಾವು ಇಬ್ಬರೇ. ಎಷ್ಟೇ ಅಳತೆ ನೋಡಿ ಅಡುಗೆ ಮಾಡಿದರೂ ರಾತ್ರಿ ಹೊತ್ತಿಗೆ ಒಂದು ಬಟ್ಟಲು ಅನ್ನ, ಒಂದು ಸೌಟು ಬೇಳೆ, ಒಂದು ಹಿಡಿ ಪಲ್ಯ ಉಳಿದೇ ಉಳಿಯುತ್ತದೆ. ಮಳೆಗಾಲ ಬಂತಲ್ಲ, ಅದರಲ್ಲೇ ಬಿಸಿಬಿಸಿ ಸೂಪು ಮಾಡೋಣ ಅಂತ ಎಲ್ಲವನ್ನೂ ಪಾತ್ರೆಗೆ ಹಾಕಿ, ನೀರು ಸೇರಿಸಿ, ಚೆನ್ನಾಗಿ ಕುದಿಸುತ್ತೇನೆ. ಅದು ಸೂಪಾಗುವುದಿಲ್ಲ, ಕಲಗಚ್ಚಾಗುತ್ತದೆ. ಪ್ಯಾಕೆಟ್ ಸೂಪಿನ ರುಚಿ ಮನೆಯಲ್ಲಿ ಯಾಕೆ ಬರುವುದಿಲ್ಲ? ಇನ್ನೊಂದು, ಉಳಿದ ಅನ್ನ ಮತ್ತೆ ಬಿಸಿ ಮಾಡಿದರೆ ವಿಷ ಅಂತ ಮಗಳು ಫೋನಿನಲ್ಲಿ ಹೆದರಿಸುತ್ತಾಳೆ. ನಿಜವಾ?

ಉತ್ತರ: ಕಲಗಚ್ಚು ಅನ್ನುವ ಮಾತು ನೀವೇ ಆಡಿದ್ದು ಒಳ್ಳೆಯದಾಯಿತು. ನಾನು ಆಡಿದ್ದರೆ ನಿಮಗೆ ಬೇಜಾರಾಗುತ್ತಿತ್ತು. ಹಸು ಕಟ್ಟಿದ ಮನೆಗಳಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಒಂದೇ ಬಾನಿಗೆ ಬೀಳುತ್ತಿತ್ತು. ಅದು ಕಲಗಚ್ಚು. ಅದೇ ಮನೆಯ ಒಲೆಯ ಮೇಲೆ ಬೇಳೆ ಬಸಿದ ನೀರಿನಲ್ಲಿ ಸಾರು ಕುದಿಯುತ್ತಿತ್ತು. ಎರಡಕ್ಕೂ ಬಿದ್ದ ಸಾಮಾನು ಹೆಚ್ಚು ಕಡಿಮೆ ಒಂದೇ. ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ನೀವು ಎಡವುತ್ತಿರುವುದೂ ಅಲ್ಲೇ. ಉಳಿದದ್ದನ್ನು ಮೊದಲು ಹಾಕುತ್ತಿದ್ದೀರಿ. ಅದು ಮಧ್ಯಾಹ್ನವೇ ಬೆಂದು ಮುಗಿದ ಪದಾರ್ಥ. ತನ್ನಲ್ಲಿದ್ದ ರುಚಿಯನ್ನು ಪಲ್ಯಕ್ಕೆ ಕೊಟ್ಟಾಗಿದೆ. ಅದನ್ನು ಮತ್ತೆ ಅರ್ಧ ಗಂಟೆ ಕುದಿಸಿದರೆ ನೀರಿಗೆ ಬಿಟ್ಟುಕೊಡಲು ಏನೂ ಉಳಿದಿರುವುದಿಲ್ಲ. ಬೀನ್ಸ್ ಬಣ್ಣ ಕಳೆದುಕೊಂಡು ಪಿಚಪಿಚ ಅನ್ನುತ್ತದೆ. ಎಲೆಕೋಸು ವಾಸನೆ ಬರುತ್ತದೆ. ಅನ್ನ ಕರಗಿ ಅಂಟಾಗುತ್ತದೆ. ಸೂಪಿನ ತಳ ಮಾತ್ರ ಹೊಸದಾಗಿ ಆಗಬೇಕು. ಉಳಿದ ಪದಾರ್ಥ ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟನ ಹಾಗೆ, ಕೊನೆಯ ಐದು ನಿಮಿಷಕ್ಕೆ ಬಂದರೆ ಸಾಕು.

ಇನ್ನು ನೀರಿನ ವಿಷಯ. ನಲ್ಲಿ ನೀರಿನಲ್ಲಿ ಸೂಪು ಮಾಡಿದರೆ ನೀರಿನ ರುಚಿಯೇ ಬರುವುದು. ಹೊರದೇಶದ ಅಡುಗೆಯವರು ಇದಕ್ಕಾಗಿ ಮೂಳೆ, ತರಕಾರಿ ಕುದಿಸಿ ಸ್ಟಾಕ್ ಮಾಡಿಟ್ಟುಕೊಳ್ಳುತ್ತಾರೆ. ಅದನ್ನು ನೋಡಿ ನಾವು ಅಂಗಡಿಯಿಂದ ಸ್ಟಾಕ್ ಕ್ಯೂಬ್ ತರುತ್ತೇವೆ. ನಮ್ಮ ಮನೆಯಲ್ಲೇ ಅದಕ್ಕಿಂತ ಒಳ್ಳೆಯದು ಇದೆ, ಅದಕ್ಕೆ ಕಟ್ಟು ಅಂತ ಹೆಸರೂ ಇದೆ. ಬೇಳೆ ಅಥವಾ ಕಾಳು ಬೇಯಿಸಿ ಬಸಿದ ನೀರು.

ಹೋಳಿಗೆ ಸಾರನ್ನೇ ನೋಡಿ. ಯುಗಾದಿಯ ದಿನ ಹೂರಣಕ್ಕೆ ಬೇಳೆ ಬೇಯಿಸಿ ಬಸಿಯುತ್ತೇವೆ. ಆ ಬಸಿದ ನೀರಿಗೆ ಒಂದು ಹಿಡಿ ಹೂರಣ, ಹುಣಸೆಹುಳಿ, ಸಾರಿನ ಪುಡಿ ಬಿದ್ದರೆ ಒಬ್ಬಟ್ಟಿನ ಸಾರು. ಮೈಸೂರು ಕಡೆ ತೊಗರಿಬೇಳೆ, ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆ. ಅಲ್ಲಿ ಅದಕ್ಕೆ ಕಟ್ಟಿನ ಸಾರು ಅಂತಲೇ ಹೆಸರು. ಹಬ್ಬದಲ್ಲಿ ಹೋಳಿಗೆಗಿಂತ ಆ ಸಾರಿಗೇ ಕಾಯುವವರು ನನಗೆ ಬಹಳ ಮಂದಿ ಗೊತ್ತು. ನಾನೂ ಅವರಲ್ಲಿ ಒಬ್ಬಳು. ಯೋಚಿಸಿ ನೋಡಿದರೆ ಅದು ಉಳಿದ ನೀರು ಮತ್ತು ಉಳಿದ ಹೂರಣದಿಂದ ಮಾಡಿದ ಸೂಪು, ಅಲ್ವಾ? ಮಂಡ್ಯ, ಹಾಸನದ ಕಡೆಯ ಬಸ್ಸಾರೂ ಇದೇ ಜಾತಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದರೆ ಗಟ್ಟಿ ಭಾಗ ಪಲ್ಯಕ್ಕೆ, ನೀರು ಸಾರಿಗೆ. ಕರಾವಳಿಯಲ್ಲಿ ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ. ಹುರುಳಿಗೆ ತುಳುವಿನಲ್ಲಿ ಕುಡು ಅನ್ನುತ್ತಾರೆ. ಅದರ ಕಟ್ಟಿನಲ್ಲಿ ಮಾಡಿದ ಸಾರನ್ನು ಜಡಿಮಳೆಯ ದಿನ ಕುದಿಸಿ ಕುದಿಸಿ ಮಂದ ಮಾಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಉಂಡವರಿಗೆ ಬೇರೆ ಸೂಪಿನ ಮಾತೇ ಬೇಡ.

ಹಾಗಾಗಿ ನಾಳೆಯಿಂದ ಒಂದು ಅಭ್ಯಾಸ ಮಾಡಿಕೊಳ್ಳಿ. ಸಾಂಬಾರಿಗೆ ಬೇಳೆ ಇಡುವಾಗ ಎರಡು ಲೋಟ ನೀರು ಜಾಸ್ತಿ ಹಾಕಿ. ಕುಕ್ಕರ್ ತಣ್ಣಗಾದ ಮೇಲೆ ಕಲಕದೆ, ಮೇಲಿನ ತಿಳಿಯನ್ನು ಬಸಿದು ಎತ್ತಿಡಿ. ಕಡಲೆಕಾಳು, ಅಲಸಂದೆ, ಹೆಸರುಕಾಳು ಬೇಯಿಸಿದ ದಿನವೂ ಅಷ್ಟೇ. ರಾಜ್ಮಾಕ್ಕೆ ಮಾತ್ರ ಒಂದು ಎಚ್ಚರಿಕೆ. ಅದನ್ನು ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲೇ ಚೆನ್ನಾಗಿ ಬೇಯಿಸಿ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಅಂಶ ಇರುತ್ತದೆ. ಅದು ಹೋಗಬೇಕಾದರೆ ಕೊತಕೊತ ಕುದಿಯಲೇಬೇಕು. ಪೂರ್ತಿ ಬೆಂದ ಮೇಲೆ ಅದರ ಕಟ್ಟಿಗೆ ಭಯವಿಲ್ಲ.

ಕಟ್ಟು ಇಲ್ಲದ ದಿನ ಎರಡು ದೊಡ್ಡ ಚಮಚ ಹೆಸರುಬೇಳೆಯನ್ನು ಸ್ವಲ್ಪ ಹುರಿದು, ನಾಲ್ಕು ಲೋಟ ನೀರಿನಲ್ಲಿ ಕುಕ್ಕರಿಗೆ ಇಡಿ. ಇಪ್ಪತ್ತು ನಿಮಿಷದ ಕೆಲಸ. ಕೊತ್ತಂಬರಿ ದಂಟು, ಕ್ಯಾರೆಟ್ ತುದಿ, ಹೀರೆಕಾಯಿ ಸಿಪ್ಪೆ, ಬಟಾಣಿ ಸಿಪ್ಪೆ ಇದ್ದರೆ ತೊಳೆದು ಅದರ ಜೊತೆಗೇ ಹಾಕಿ, ಆಮೇಲೆ ಸೋಸಿಬಿಡಿ. ಎಲೆಕೋಸಿನ ದಂಟು ಬೇಡ, ಜಾಸ್ತಿ ಹೊತ್ತು ಬೆಂದರೆ ಗಂಧಕದ ವಾಸನೆ ಬಿಡುತ್ತದೆ. ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆ ಯಾವುದಕ್ಕೂ ಬೇಡ. ಮಾಂಸ ತಿನ್ನುವವರಾದರೆ ಕೋಳಿ ಮೂಳೆ ಎಸೆಯಬೇಡಿ. ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಇಟ್ಟರೆ ಮೂಳೆಯ ಅಂಟು ನೀರಿಗಿಳಿದು, ತಣ್ಣಗಾದಾಗ ಜೆಲ್ಲಿಯ ಹಾಗೆ ನಡುಗುತ್ತದೆ. ಕಾಲು ಸೂಪಿನಲ್ಲಿ ತುಟಿಗೆ ತುಟಿ ಅಂಟುವುದೂ ಇದೇ ಕಾರಣಕ್ಕೆ.

ಈಗ ಪ್ಯಾಕೆಟ್ ಸೂಪಿನ ರುಚಿಗೆ ಬರುತ್ತೇನೆ. ಒಂದು ಪ್ಯಾಕೆಟ್ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಉಪ್ಪು ಸಾಮಾನ್ಯವಾಗಿ ಮುಂದಿನ ಸಾಲಿನಲ್ಲೇ ಸಿಗುತ್ತವೆ. ಹಲವು ಪ್ಯಾಕೆಟ್ಟುಗಳಲ್ಲಿ 621 ಅಥವಾ 635 ಅನ್ನುವ ಅಂಕಿಯೂ ಇರುತ್ತದೆ. 621 ಅಂದರೆ ನಾವು ಟೇಸ್ಟಿಂಗ್ ಪೌಡರ್ ಅನ್ನುವ ಮೋನೋಸೋಡಿಯಂ ಗ್ಲುಟಮೇಟ್, 635 ಅದೇ ರುಚಿಯನ್ನು ಏರಿಸುವ ಇನ್ನೊಂದು ಪುಡಿ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಈ ರುಚಿಯ ಮೂಲ ಕಂಡುಹಿಡಿದರು. ಎಲ್ಲಿಂದ ಗೊತ್ತಾ? ಕೊಂಬು ಅನ್ನುವ ಕಡಲಪಾಚಿ ಬೇಯಿಸಿದ ತಿಳಿಯಿಂದ. ಅವರ ಮನೆಯ ಕಟ್ಟು ಅದು! ಉಪ್ಪು, ಹುಳಿ, ಸಿಹಿ, ಕಹಿಗೆ ಸೇರದ ಈ ರುಚಿಗೆ ಅವರು ಉಮಾಮಿ ಅಂತ ಹೆಸರಿಟ್ಟರು.

ಆ ಪುಡಿ ವಿಷ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಅದರ ಅವಶ್ಯಕತೆ ಇಲ್ಲ. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿ, ಅಣಬೆಯಲ್ಲಿ ತಾನಾಗಿಯೇ ಇದೆ. ಈರುಳ್ಳಿ, ಬೆಳ್ಳುಳ್ಳಿ ಕೆಂಪಗಾದಾಗ ಬೇರೊಂದು ಬಗೆಯ ಆಳವಾದ ರುಚಿ ಹುಟ್ಟುತ್ತದೆ. ನೀರಿನಲ್ಲಿ ಬೆಂದ ಈರುಳ್ಳಿಗೆ ಅದು ಬರುವುದಿಲ್ಲ, ಯಾಕೆಂದರೆ ನೀರು ನೂರು ಡಿಗ್ರಿ ದಾಟುವುದಿಲ್ಲ, ಕೆಂಪಗಾಗಲು ಅದಕ್ಕಿಂತ ಜಾಸ್ತಿ ಕಾವು ಬೇಕು. ನೀವು ಹುರಿಯುವ ಹಂತವನ್ನೇ ಬಿಟ್ಟಿದ್ದೀರಿ. ಪ್ಯಾಕೆಟ್ಟಿನ ಎದುರು ಸೋತದ್ದು ಅಲ್ಲೇ.

ಇಬ್ಬರಿಗೆ ಸಾಕಾಗುವಷ್ಟು ಹೀಗೆ ಮಾಡಿ. ದಪ್ಪ ತಳದ ಪಾತ್ರೆಗೆ ಎರಡು ಚಮಚ ತುಪ್ಪ. ಕಾದ ಮೇಲೆ ಅರ್ಧ ಚಮಚ ಜೀರಿಗೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ತುಂಡು ಶುಂಠಿ. ಒಂದು ಮಧ್ಯಮ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿ. ಇಲ್ಲಿ ಅವಸರ ಬೇಡ. ಏಳೆಂಟು ನಿಮಿಷ ಮಧ್ಯಮ ಉರಿಯಲ್ಲಿ, ಅಂಚು ಕೆಂಪಗಾಗುವವರೆಗೆ ಹುರಿಯಿರಿ. ತಳ ಹಿಡಿಯುವ ಹಾಗೆ ಕಂಡರೆ ಒಂದು ಚಮಚ ಕಟ್ಟು ಚಿಮುಕಿಸಿ ಕೆರೆಯಿರಿ, ಆ ಕೆರೆದದ್ದರಲ್ಲೇ ರುಚಿ ಇರುವುದು. ಹಸಿ ಕ್ಯಾರೆಟ್ ತುಂಡೋ ಆಲೂಗಡ್ಡೆಯೋ ಹಾಕುವುದಿದ್ದರೆ ಈಗಲೇ ಹಾಕಿ, ಸ್ವಲ್ಪ ಕಟ್ಟು ಹುಯ್ದು ಮುಚ್ಚಿ ಬೇಯಿಸಿ. ಟೊಮೆಟೊ ಆಮೇಲೆ. ಹುಳಿ ಬಿದ್ದ ಮೇಲೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಸಾಂಬಾರಿಗೆ ಹುಣಸೆಹುಳಿಯನ್ನು ತರಕಾರಿ ಬೆಂದ ಮೇಲೆ ಹಾಕುವುದು ಇದಕ್ಕೇ. ಹೆಚ್ಚಿದ ಎರಡು ಟೊಮೆಟೊ ಹಾಕಿ, ಅದು ಕರಗಿ, ನೀರಾರಿ, ತುಪ್ಪ ಅಂಚಿಗೆ ಬರುವವರೆಗೆ ಬಾಡಿಸಿ.

ಈಗ ಬಿಸಿ ಮಾಡಿದ ಮೂರು ಲೋಟ ಕಟ್ಟು ಹುಯ್ಯಿರಿ. ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಇಷ್ಟೊತ್ತಿಗೆ ಮನೆಯವರು ಅಡುಗೆಮನೆಗೆ ಇಣುಕಿ ಏನು ಅಂತ ಕೇಳಬೇಕು. ಕೇಳದಿದ್ದರೆ ಈರುಳ್ಳಿ ಹುರಿದದ್ದು ಸಾಲದು.

ಉಳಿದ ಪದಾರ್ಥದ ಸರದಿ ಈಗ. ಒಂದು ಸೌಟು ಬೇಳೆ, ಎರಡು ಚಮಚ ಅನ್ನ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಹಾಕಿ. ಸೂಪಿಗೆ ಮೈ ಬರುವುದು ಇದರಿಂದ. ಮತ್ತೆ ಮೂರು ನಾಲ್ಕು ಚಮಚ ಅನ್ನವನ್ನು ಹಾಗೇ ಬಿಡಿಬಿಡಿಯಾಗಿ ಹಾಕಿ, ಬಾಯಿಗೆ ಸಿಗಲಿ. ಪಲ್ಯ ಕೊನೆಗೆ. ಐದು ನಿಮಿಷ ಕೊತಕೊತ ಕುದಿಸಿ. ಆಮೇಲೆ ಉಪ್ಪು ನೋಡಿ. ಮೊದಲೇ ಉಪ್ಪು ಹಾಕಿದರೆ ಕೆಟ್ಟಿರಿ, ಯಾಕೆಂದರೆ ಪಲ್ಯದಲ್ಲೂ ಬೇಳೆಯಲ್ಲೂ ಆಗಲೇ ಉಪ್ಪಿದೆ. ಒಲೆ ಆರಿಸಿ, ಆಗಷ್ಟೇ ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಅರ್ಧ ನಿಂಬೆಹಣ್ಣಿನ ರಸ, ಕೊತ್ತಂಬರಿ ಸೊಪ್ಪು.

ಉಪ್ಪು ಜಾಸ್ತಿ ಆದರೆ ಆಲೂಗಡ್ಡೆ ಹಾಕಿ, ಉಪ್ಪನ್ನು ಹೀರಿಕೊಳ್ಳುತ್ತದೆ ಅನ್ನುವುದು ಎಲ್ಲರೂ ಹೇಳುವ ಮಾತು. ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತದೆಯೇ ಹೊರತು ಬರೀ ಉಪ್ಪನ್ನು ಆರಿಸಿ ತೆಗೆಯುವುದಿಲ್ಲ. ಉಳಿದ ಸೂಪು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಕಟ್ಟು ಇನ್ನೊಂದು ಲೋಟ ಹುಯ್ಯುವುದೊಂದೇ ದಾರಿ.

ಪಲ್ಯ ಯಾವುದು ಅನ್ನುವುದರ ಮೇಲೂ ಸ್ವಲ್ಪ ಯೋಚನೆ ಬೇಕು. ಬೀನ್ಸ್, ಕ್ಯಾರೆಟ್, ಹೂಕೋಸು, ಸೀಮೆಬದನೆ, ಕುಂಬಳ ಎಲ್ಲ ಸರಿ. ಸೊಪ್ಪಿನ ಪಲ್ಯವಾದರೆ ಪೂರ್ತಿ ರುಬ್ಬಿಬಿಡಿ, ಎರಡರ ಬದಲು ಒಂದೇ ಟೊಮೆಟೊ ಸಾಕು. ಬೀಟ್‌ರೂಟ್ ಹಾಕಿದರೆ ಬೇರೆ ಯಾವ ಪಲ್ಯವೂ ಬೇಡ, ಎಲ್ಲವನ್ನೂ ತನ್ನ ಬಣ್ಣಕ್ಕೆ ಎಳೆಯುತ್ತದೆ. ತೆಂಗಿನತುರಿ ಧಾರಾಳವಾಗಿ ಬಿದ್ದಿರುವ ಪಲ್ಯವನ್ನು ರುಬ್ಬಿದರೆ ಸೂಪು ಸಾಗುವಿನ ಕಡೆ ಹೋಗುತ್ತದೆ. ತಪ್ಪೇನಿಲ್ಲ, ಆದರೆ ಆವತ್ತು ಟೊಮೆಟೊ ಕಡಿಮೆ ಮಾಡಿ. ಒಗ್ಗರಣೆಯ ಉದ್ದಿನಬೇಳೆ ನೀರಿನಲ್ಲಿ ಊದಿಕೊಂಡು ಬಾಯಿಗೆ ಹಿತವಾಗಿರುವುದಿಲ್ಲ, ಕೈಗೆ ಸಿಕ್ಕಷ್ಟು ತೆಗೆದುಬಿಡಿ. ಬೆಂಡೆಕಾಯಿ, ಹಾಗಲಕಾಯಿ ಪಲ್ಯವನ್ನು ದಯವಿಟ್ಟು ಹಾಗೇ ಚಪಾತಿಗೆ ಹಚ್ಚಿಕೊಂಡು ತಿನ್ನಿ. ಎಲ್ಲ ಉಳಿದದ್ದೂ ಸೂಪಾಗಲೇಬೇಕು ಅಂತ ಹಟ ಬೇಡ. ನಾಲ್ಕು ದಿನದ ನಾಲ್ಕು ಪಲ್ಯ ಒಂದೇ ಪಾತ್ರೆಗೆ ಬೀಳುವುದಂತೂ ಬೇಡವೇ ಬೇಡ.

ಸಾಂಬಾರು ಉಳಿದರೆ? ಅದಕ್ಕೆ ತನ್ನದೇ ಗುಣ ಇದೆ, ಟೊಮೆಟೊ ಸೂಪಿನ ವೇಷ ಹಾಕಿಸಿದರೆ ಒಪ್ಪುವುದಿಲ್ಲ. ಒಂದಕ್ಕೆ ಎರಡರಷ್ಟು ಕಟ್ಟು ಸೇರಿಸಿ, ಸೋಸಿ, ಬೆಳ್ಳುಳ್ಳಿ, ಮೆಣಸು ಜಜ್ಜಿ ಹಾಕಿ ಕುದಿಸಿದರೆ ಕುಡಿಯುವ ಮೆಣಸಿನ ಸಾರಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಇಂಥದ್ದೇ ಸಾರು ಊಟದ ಮೇಜಿಗೆ ಏರಿ ಮುಲಿಗಟಾನಿ ಸೂಪು ಅನ್ನಿಸಿಕೊಂಡಿತು. ತಮಿಳಿನ ಮಿಳಗು ತಣ್ಣೀರ್, ಅಂದರೆ ಮೆಣಸಿನ ನೀರು, ಅವರ ಬಾಯಲ್ಲಿ ಹಾಗಾಯಿತು. ಅನ್ನಕ್ಕೆ ಕಲಸುವ ನಮ್ಮ ಸಾರು ಅವರಿಗೆ ಬಟ್ಟಲಲ್ಲಿ ಕುಡಿಯುವ ಸೂಪಾಯಿತು, ಈಗ ನಾವು ಸೂಪು ಕಲಿಯಲು ಅವರ ಪ್ಯಾಕೆಟ್ ನೋಡುತ್ತಿದ್ದೇವೆ.

ಮಂದ ಮಾಡಲು ಅನ್ನ, ಬೇಳೆ ಇಲ್ಲದ ದಿನ ರಾಗಿಹಿಟ್ಟು ನನ್ನ ಮೊದಲ ಆಯ್ಕೆ. ಮೂರು ಲೋಟಕ್ಕೆ ಒಂದು ದೊಡ್ಡ ಚಮಚ. ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ಸೂಪಿಗೆ ಒಂದು ಕೈಯಲ್ಲಿ ಹುಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಬೇಕು. ಅಂಬಲಿ ಕಾಯಿಸಿದವರಿಗೆ ಹೇಳಿಕೊಡಬೇಕಾಗಿಲ್ಲ. ಒಣ ಹಿಟ್ಟನ್ನು ಬಿಸಿಗೆ ಉದುರಿಸಿದರೆ ಹೊರಗಿನ ಪದರ ಆ ಕ್ಷಣವೇ ಬೆಂದು ಒಳಗಿನ ಹಿಟ್ಟು ಹಸಿಯಾಗಿ ಉಳಿಯುತ್ತದೆ, ಗಂಟು ಅಂದರೆ ಅದೇ. ಕಾರ್ನ್‌ಫ್ಲೋರಿಗೂ ಇದೇ ನಿಯಮ. ಅದರ ಜೊತೆ ನಿಂಬೆರಸ ಹಾಕಿ ಕುದಿಸುತ್ತಾ ಇದ್ದರೆ ಹುಳಿಗೆ ಪಿಷ್ಟ ಒಡೆದು ಸೂಪು ಮತ್ತೆ ನೀರಾಗುತ್ತದೆ. ನಿಂಬೆ ಒಲೆ ಆರಿಸಿದ ಮೇಲೆಯೇ ಅಂದದ್ದಕ್ಕೆ ಅದೊಂದು ಕಾರಣ, ಪರಿಮಳ ಹಾರಿಹೋಗುತ್ತದೆ ಅನ್ನುವುದು ಇನ್ನೊಂದು.

ಮಗಳ ಮಾತಿಗೆ ಬರೋಣ. ವಿಷ ಅನ್ನುವುದು ದೊಡ್ಡ ಮಾತಾಯಿತು, ಆದರೆ ಅವಳು ಸುಮ್ನೆ ಹೆದರಿಸುತ್ತಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರುವುದು ಸಾಮಾನ್ಯ. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಮೊಳೆತು ಹೆಚ್ಚುತ್ತದೆ, ವಾಂತಿ ಬರಿಸುವ ನಂಜು ಬಿಡುತ್ತದೆ. ಆ ನಂಜು ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಂದರೆ ಕೆಡುಕು ಆಗುವುದು ಬಿಸಿ ಮಾಡುವಾಗ ಅಲ್ಲ, ಅದಕ್ಕೆ ಮೊದಲು ಹೊರಗೆ ಬಿಟ್ಟಾಗ. ಮಧ್ಯಾಹ್ನದ ಅನ್ನ ರಾತ್ರಿಯವರೆಗೆ ಕಟ್ಟೆಯ ಮೇಲೆ ಇತ್ತೆಂದರೆ ಅದನ್ನು ಸೂಪಿಗೆ ಹಾಕಬೇಡಿ, ಎಷ್ಟು ಕುದಿಸಿದರೂ ಪ್ರಯೋಜನ ಇಲ್ಲ. ಉಳಿಯುತ್ತದೆ ಅಂತ ಗೊತ್ತಾದ ಕೂಡಲೇ ತಟ್ಟೆಯಲ್ಲಿ ಹರಡಿ, ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೆಯ ದಿನದೊಳಗೆ ಮುಗಿಸಿ. ಬೇಳೆಗೂ ಕಟ್ಟಿಗೂ ಇದೇ ಶಿಸ್ತು. ಕಟ್ಟು ಬೇಗ ಹುಳಿಯುವ ಪದಾರ್ಥ, ಎರಡು ದಿನ ದಾಟಿಸಬೇಡಿ. ಜಾಸ್ತಿ ಇದ್ದರೆ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಡಿ.

ನಾನಿದನ್ನು ಕಲಿತದ್ದು ನಾಚಿಕೆಪಟ್ಟು. ಒಂದು ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಕಾಲ. ಮಳೆ ಅಂತ ಅರ್ಧ ಮಕ್ಕಳು ಊಟಕ್ಕೆ ಬರಲಿಲ್ಲ. ದೊಡ್ಡ ಡಬರಿ ತುಂಬ ತರಕಾರಿ ಸೂಪು ಉಳಿಯಿತು. ಕುದಿಸಿ, ಮುಚ್ಚಳ ಮುಚ್ಚಿ, ಬೆಳಗ್ಗೆ ನೋಡೋಣ ಅಂತ ಮಲಗಿದೆ. ಕುದಿಸಿ ಇಟ್ಟಿದ್ದೇನಲ್ಲ, ಇನ್ನೇನು ಅಂತ ಧೈರ್ಯ. ಬೆಳಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ನೊರೆ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಡಬರಿಯ ಅಂಚು ತಣ್ಣಗಿತ್ತು, ನಡುವೆ ಸೌಟು ಅದ್ದಿದರೆ ಇನ್ನೂ ಬೆಚ್ಚಗೆ. ರಾತ್ರಿಯಿಡೀ ಅದನ್ನು ಕೀಟಾಣುಗಳಿಗೆ ಬೇಕಾದ ಹದದಲ್ಲೇ ಇಟ್ಟಿದ್ದೆ! ಅಷ್ಟನ್ನೂ ಚೆಲ್ಲಿದೆವು. ಬಿಸಿ ಪದಾರ್ಥವನ್ನು ಆಳವಾದ ಪಾತ್ರೆಯಲ್ಲಿ ಆರಲು ಬಿಡಬಾರದು, ಅಗಲವಾದ ಎರಡು ಮೂರು ಪಾತ್ರೆಗೆ ಹಂಚಬೇಕು ಅನ್ನುವುದು ಆವತ್ತಿನಿಂದ ನನಗೆ ನೆನಪಿದೆ.

ಈ ಸೂಪನ್ನು ಮಾತ್ರ ಮತ್ತೆ ನಾಳೆಗೆ ಎತ್ತಿಡಬೇಡಿ. ಅದರೊಳಗಿನ ಅನ್ನ, ಪಲ್ಯ ಆಗಲೇ ಒಂದು ಸುತ್ತು ತಣ್ಣಗಾಗಿ ಬಿಸಿಯಾಗಿದೆ. ಅದಕ್ಕೇ ಮೂರು ಲೋಟ ಅಂತ ಅಳತೆ ಕೊಟ್ಟದ್ದು, ಇಬ್ಬರು ಕುಡಿದರೆ ಪಾತ್ರೆ ಖಾಲಿ.

ಜೊತೆಗೆ ಏನು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಉಳಿದ ಚಪಾತಿಯನ್ನು ಬೆರಳಗಲ ಪಟ್ಟಿ ಕತ್ತರಿಸಿ, ಕಾವಲಿಯ ಮೇಲೆ ತುಪ್ಪ ಸವರಿ ಗರಿಗರಿ ಮಾಡಿ. ಕಟಕ ಜೋಳದ ರೊಟ್ಟಿ ಇದ್ದರೆ ಅದನ್ನು ಮುರಿದು ಹಾಕಿದರಂತೂ ಬ್ರೆಡ್ ತುಂಡನ್ನು ಯಾರೂ ಕೇಳುವುದಿಲ್ಲ. ಪಾತ್ರೆಗೆ ಹಾಕಬೇಡಿ, ಬಟ್ಟಲಿಗೆ ಬಡಿಸಿದ ಮೇಲೆ ಒಂದು ಹಿಡಿ ಮೇಲಿಂದ ಉದುರಿಸಿ. ಮೊದಲೇ ಹಾಕಿದರೆ ನೆನೆದು ಮುದ್ದೆಯಾಗುತ್ತದೆ, ಆಮೇಲೆ ಮತ್ತೆ ಕಲಗಚ್ಚು ಅಂತ ನನಗೇ ಬರೆಯುತ್ತೀರಿ.